ಬಿತ್ತದ ಕೂರಿಗೆ

ನಾನೊಂದು ಕೂರಿಗೆ. ಹುಟ್ಟಿದ್ದು ಬಿತ್ತುವುದಕ್ಕೆ, ಬದುಕಿದ್ದು ನಿಲ್ಲುವುದಕ್ಕೆ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ನನ್ನನ್ನು ಹೊಡೆದು ಬಡಿದು ಮೂಲೆಗೆ ಎಸೆದಿದ್ದರೆ ಬೈಯಬಹುದಿತ್ತು. ಇವರು ಕುಂಕುಮ ಹಚ್ಚಿ, ಹಾರ ಹಾಕಿ, ಕೈಮುಗಿದು ನನ್ನ ಜನ್ಮ ಹಾಳು ಮಾಡಿದರು. ಕೈಮುಗಿದವರನ್ನು ಬೈಯುವುದು ಹೇಗೆ?

ನಾನು ಹುಟ್ಟಿದ್ದು ಅಣ್ಣಿಗೇರಿಯ ಮಾನಪ್ಪ ಕಮ್ಮಾರನ ಕುಲುಮೆಯಲ್ಲಿ. ಆಗೆಲ್ಲ ಕಟ್ಟಿಗೆಯ ಕೂರಿಗೆಗಳು. ಹಿಂದೆ ನಡೆಯುವ ಹೆಂಗಸು ಉಡಿಯಲ್ಲಿ ಬೀಜ ಕಟ್ಟಿಕೊಂಡು, ಮುಷ್ಟಿ ಮುಷ್ಟಿಯಾಗಿ ಕೂರಿಗೆಯ ಬಟ್ಟಲಿಗೆ ಬಿಡುತ್ತ ಹೋಗಬೇಕಾಗಿತ್ತು. ಕೈ ಸೋತರೆ ಬೀಜ ತೆಳುವಾಗುತ್ತಿತ್ತು, ಮನಸ್ಸು ಎಲ್ಲೋ ಹೋದರೆ ಒಂದೇ ಕಡೆ ರಾಶಿ ಬೀಳುತ್ತಿತ್ತು. ಮಾನಪ್ಪ ಇದನ್ನು ನೋಡಿ ನೋಡಿ ಒಂದು ಉಪಾಯ ಹುಡುಕಿದ. ಮೇಲೊಂದು ಕಬ್ಬಿಣದ ಪೆಟ್ಟಿಗೆ, ಅದರ ತಳದಲ್ಲಿ ಸುತ್ತಲೂ ಕುಳಿ ತೋಡಿದ ಒಂದು ಉರುಳೆ. ಗಾಲಿ ತಿರುಗಿದರೆ ಉರುಳೆ ತಿರುಗಬೇಕು, ಒಂದೊಂದು ಕುಳಿಯೂ ಒಂದೊಂದು ಬೀಜ ಎತ್ತಿಕೊಂಡು ಕೆಳಗಿನ ಕೊಳವೆಗೆ ಹಾಕಬೇಕು, ಅದು ತಾಳಿನ ಹಿಂದೆ ಮಣ್ಣು ಸೇರಬೇಕು. ತಾಳು ಎಂದರೆ ನೆಲ ಸೀಳುವ ನನ್ನ ಕಾಲುಗಳು.

ಅವನ ಹೆಂಡತಿ ಕಾಳವ್ವ ತಿದಿ ಒತ್ತುತ್ತಿದ್ದಳು, ಅವನು ಬಡಿಯುತ್ತಿದ್ದ. ಕುಳಿಗಳನ್ನು ಮಾತ್ರ ಅವನು ಅವಸರದಲ್ಲಿ ಮಾಡಲಿಲ್ಲ. ಒಂದು ಕಡಲೆ ಕಾಳು ಇಟ್ಟು ನೋಡುವುದು, ಅರದಿಂದ ಚೂರು ಉಜ್ಜುವುದು, ಮತ್ತೆ ಇಟ್ಟು ನೋಡುವುದು. ಎಲ್ಲ ಮುಗಿದ ಮೇಲೆ ಅಂಗಳದಲ್ಲಿ ನನ್ನ ಪೆಟ್ಟಿಗೆ ತುಂಬಿಸಿ ಗಾಲಿ ಉರುಳಿಸಿದ. ಕಾಳುಗಳು ಸಾಲಾಗಿ ಬಿದ್ದವು. ಮಾನಪ್ಪ ಸೊಂಟದ ಮೇಲೆ ಕೈಯಿಟ್ಟು ನಕ್ಕ. ಕಾಳವ್ವ ಅವನ್ನೆಲ್ಲ ಬಳಿದುಕೊಂಡು ಹೋಗಿ ತೊಳೆದು ಉಸಳಿ ಮಾಡಿದಳು. ನನ್ನ ಮೊದಲ ಬಿತ್ತನೆಯನ್ನು ಮನೆಮಂದಿ ರೊಟ್ಟಿಗೆ ಹಚ್ಚಿಕೊಂಡು ತಿಂದರು.

ನನ್ನನ್ನು ಮಾಡಿಸಿದ್ದು ನಲವಡಿಯ ಒಬ್ಬ ರೈತ. ಅವನು ಚಕ್ಕಡಿ ಹೂಡಿಕೊಂಡು ಬಂದ. ನಾಲ್ಕು ಮಂದಿ ನನ್ನನ್ನು ಎತ್ತಿ ಚಕ್ಕಡಿಗೆ ಇಟ್ಟರು. ಎತ್ತುಗಳು ಕೊರಳು ಅಲ್ಲಾಡಿಸಿದವು. ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ, ಗಾಲಿ ತಾನೇ ತಿರುಗಿಬಿಡುತ್ತದೆಯೇನೋ ಅನ್ನಿಸಿತು. ಅಷ್ಟರಲ್ಲಿ ಮಾನಪ್ಪನಿಗೆ ಏನು ಹೊಳೆಯಿತೋ, ಓಡಿ ಬಂದು ಮೂಗುದಾಣ ಹಿಡಿದ.

"ತಡೀರಿ. ಇದು ಹ್ವಾದ್ರ ಇನ್ನೊಂದನ್ನ ನಾ ಏನ್ ನೋಡಿ ಮಾಡ್ಲಿ? ಇದನ್ನ ಇಲ್ಲೇ ಇಳಸ್ರಿ. ಇದರಂಗ ಒಂದು ಮಾಡಿ ಕೊಡ್ತೀನಿ, ಆಮ್ಯಾಲೆ ಇದು ಹೋಗ್ಲಿ."

ಇಳಿಸಿದರು. ನನ್ನಂಥ ಇನ್ನೊಂದು ಹುಟ್ಟಿತು, ಚಕ್ಕಡಿ ಏರಿ ಹೋಯಿತು. ಮೂರನೆಯದಕ್ಕೂ ಹಾಗೇ ಆಯಿತು, ನಾಲ್ಕನೆಯದಕ್ಕೂ ಅದೇ ಮಾತು. ಆಮೇಲೆ ಆಮೇಲೆ ಎನ್ನುತ್ತ ಮಾನಪ್ಪ ಮುದುಕನಾದ. ನವಲಗುಂದ, ನರಗುಂದ, ರೋಣದ ಎರೆಹೊಲಗಳಲ್ಲೆಲ್ಲ ಮಾನಪ್ಪನ ಕೂರಿಗೆ ಎಂದರೆ ಹೆಸರಾಯಿತು. ನನ್ನ ನಂತರ ಹುಟ್ಟಿದವು ಮಣ್ಣು ತಿಂದು, ಸವೆದು, ಕೆಟ್ಟು, ರಿಪೇರಿಗೆಂದು ತವರಿಗೆ ಬರುತ್ತಿದ್ದವು. ಅವುಗಳ ತಾಳುಗಳು ಉಜ್ಜಿ ಉಜ್ಜಿ ಬೆಳ್ಳಿಯಾಗಿರುತ್ತಿದ್ದವು. ನನ್ನವು ಕಪ್ಪಗೇ ಇದ್ದವು. ಹೊಟ್ಟೆಕಿಚ್ಚು ಎಂದರೆ ಏನೆಂದು ನಾನು ಕಲಿತದ್ದು ಆಗ.

ಮಾನಪ್ಪ ಅಂಕಿ ನಂಬಿದವನಲ್ಲ. ಅವನ ಪದ್ಧತಿಯೇ ಬೇರೆ. ಮೇಣ ಕಾಸಿ ನನ್ನ ಕುಳಿಗೆ ಒತ್ತಿ, ಆರಿದ ಮೇಲೆ ಆ ಮೇಣದ ಗುಂಡನ್ನು ಹೊರಗೆ ತೆಗೆಯುತ್ತಿದ್ದ. ಹೊಸ ಉರುಳೆಯ ಕುಳಿಯಲ್ಲಿ ಆ ಗುಂಡು ಸಂದಿಲ್ಲದೆ ಕೂತರೆ ಅಳತೆ ಸರಿ. ಗುಂಡು ಸವೆಯುತ್ತದೆ ಎಂದು ಪ್ರತಿ ಹಂಗಾಮಿಗೂ ಹೊಸ ಮೇಣ. ಅವನ ಮಕ್ಕಳೂ ಅದನ್ನೇ ಮುಂದುವರಿಸಿದರು. ದೊಡ್ಡವನು ದೇವೇಂದ್ರಪ್ಪ, ಅಪ್ಪ ಹಾಕಿದ ಗೆರೆ ದಾಟದವನು. ಚಿಕ್ಕವನು ಗುರುನಾಥ, ಗೆರೆ ಯಾರು ಹಾಕಿದರು ಎಂದು ಕೇಳುವವನು. ಕುಲುಮೆ ಹೋಗಿ ತಗಡಿನ ಶೆಡ್ ಬಂತು, ವೆಲ್ಡಿಂಗ್ ಬಂತು, ಬಾಗಿಲ ಮೇಲೆ "ಮಾನಪ್ಪ ಕಮ್ಮಾರ ಮತ್ತು ಮಕ್ಕಳು" ಎಂಬ ಬೋರ್ಡು ಬಂತು. ಎತ್ತುಗಳು ಹೋಗಿ ಟ್ರ್ಯಾಕ್ಟರ್ ಬಂದಾಗ ಕೂರಿಗೆಯ ಮೈ ಅಗಲವಾಯಿತು, ತಾಳುಗಳು ಹೆಚ್ಚಾದವು. ಆದರೂ ಕುಳಿಯ ಅಳತೆಗೆ ನಾನೇ ಬೇಕು. ಆದ್ದರಿಂದ ನಾನು ಎಲ್ಲಿಗೂ ಹೋಗುವ ಹಾಗಿರಲಿಲ್ಲ.

ಮಾನಪ್ಪ ತೀರಿಕೊಂಡ ವರ್ಷ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಕಾಳವ್ವ ನನ್ನ ಮುಂದೆ ಕೂತು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಮಕ್ಕಳಿಗೆ ಹೇಳಿದಳು: "ಇದಕ್ಕ ತುಕ್ಕ ಹಿಡೀಬಾರ್ದು. ಹಸರ ಬಣ್ಣ ಹಚ್ರಿ. ಬಟ್ಟಿನಷ್ಟು ಜಾಗಾನೂ ಬಿಡಬ್ಯಾಡ್ರಿ."

ಅದು ಆ ಮನೆಯ ಪದ್ಧತಿಯಾಗಿ ಹೋಯಿತು. ಪ್ರತಿ ವರ್ಷ ಖಂಡೇಪೂಜೆಯ ದಿನ ಮನೆಯ ಎಲ್ಲರೂ ಒಬ್ಬೊಬ್ಬರಾಗಿ ಬಂದು ಒಂದೊಂದು ಎಳೆ ಬಣ್ಣ ಹಚ್ಚಬೇಕು. ಸೊಸೆಯಂದಿರು ಹಚ್ಚಿದರು, ಮೊಮ್ಮಕ್ಕಳು ಹಚ್ಚಿದರು, ಹಬ್ಬಕ್ಕೆ ಬಂದ ಬೀಗರೂ ಹಚ್ಚಿದರು. ಕೊನೆಗೆ ದೇವೇಂದ್ರಪ್ಪ ಸಣ್ಣ ಬ್ರಷ್ ಹಿಡಿದು, ಅವ್ವನ ಮಾತು ನೆನೆದು, ಉರುಳೆಯ ಒಂದೊಂದು ಕುಳಿಯ ಒಳಗೂ ಭಕ್ತಿಯಿಂದ ಬಣ್ಣ ತುಂಬುತ್ತಿದ್ದ. ಹಳೆಯ ಬಣ್ಣ ಕೆರೆಯುವ ಮಾತನ್ನು ಯಾರೂ ಎತ್ತಲಿಲ್ಲ, ಹಿರಿಯರ ಮೈ ಕೆರೆದಂತೆ ಆದೀತು ಎಂಬ ಭಾವನೆ. ಹಬ್ಬ ಮುಗಿದ ಮೇಲೆ ಹೊಸ ಮೇಣ ಕಾಸಿ ಅದೇ ಕುಳಿಗೆ ಒತ್ತುತ್ತಿದ್ದರು.

ನಿಮಗೆ ಅರ್ಥವಾಯಿತಲ್ಲ? ನನಗೂ ಅರ್ಥವಾಗಿತ್ತು. ಅವರಿಗೆ ಮಾತ್ರ ಆಗಲಿಲ್ಲ. ಒಂದು ವರ್ಷದ ಬಣ್ಣ ಉಳ್ಳಾಗಡ್ಡಿಯ ಪೊರೆಯಷ್ಟು ತೆಳು. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ತಾಗುವುದಿಲ್ಲ. ಆದರೆ ಪೊರೆಯ ಮೇಲೆ ಪೊರೆ ಕೂತು ನನ್ನ ಕುಳಿಗಳು ವರ್ಷದಿಂದ ವರ್ಷಕ್ಕೆ ಕಿರಿದಾದವು. ನನ್ನನ್ನು ನೋಡಿ ಮಾಡಿದ ಪ್ರತಿಯೊಂದು ಉರುಳೆಯ ಕುಳಿಯೂ ಕಿರಿದಾಯಿತು. ನನಗೆ ಬಾಯಿ ಇದ್ದಿದ್ದರೆ ಒಂದೇ ಮಾತು ಸಾಕಾಗಿತ್ತು. ಬಾಯಿಲ್ಲದ ನಾನು ಹಾರ ಹಾಕಿಸಿಕೊಂಡು ಸುಮ್ಮನೆ ನಿಂತೆ.

ಗುರುನಾಥನ ಮೇಲೆ ನನಗೆ ಭರವಸೆ ಇತ್ತು. ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಓದಿ ಬಂದವನು, ಮೇಣದ ಕೆಲಸ ಕಂಡರೆ ಮೂಗು ಮುರಿಯುವವನು. ಒಂದು ದಿನ ಅಣ್ಣನ ಮೇಲೆ ಹಟಕ್ಕೆ ಬಿದ್ದು, ಅಳತೆಯ ಸಾಧನ ತಂದು ನನ್ನ ಮುಂದೆ ಕೂತ. ಸದ್ಯ, ಈಗಲಾದರೂ ಸತ್ಯ ಹೊರಬೀಳುತ್ತದೆ ಎಂದು ಕಾದೆ. ಅವನು ಬಣ್ಣದ ಸಮೇತ ಕುಳಿ ಅಳೆದು, ಬಣ್ಣದ ಸಮೇತ ನಕ್ಷೆ ಬರೆದು, ಅದನ್ನು ಗೋಡೆಗೆ ಅಂಟಿಸಿ, ಇದು ಶಾಸ್ತ್ರೋಕ್ತ ಅಳತೆ ಎಂದು ಬೀಗಿದ. ಅವತ್ತು ನನಗೆ ಬಂದ ಸಿಟ್ಟಿಗೆ ಪೆಟ್ಟಿಗೆಯ ಮುಚ್ಚಳ ಹಾರಿಹೋಗಬೇಕಿತ್ತು.

ರೈತರಿಂದ ದೂರು ಬರತೊಡಗಿದವು. ಸಾಲಿನಲ್ಲಿ ಅಲ್ಲಲ್ಲಿ ಕಡಲೆ ಹುಟ್ಟುತ್ತಿಲ್ಲ ಎಂದರು. ಬೀಜ ದಪ್ಪ ಇರಬೇಕು ಎಂದು ದೇವೇಂದ್ರಪ್ಪ ಸಾಗಹಾಕಿದ. ಮುಂದಿನ ವರ್ಷ ಮಣ್ಣಿನಲ್ಲಿ ಹಸಿ ಕಡಿಮೆ ಇತ್ತು ಎಂದ. ಅದರ ಮುಂದಿನ ವರ್ಷ ಹಕ್ಕಿಗಳ ಮೇಲೆ ಹಾಕಿದ. ಆಮೇಲೊಂದು ದಿನ ಫಕೀರಗೌಡರು ಬಂದರು. ಮಾನಪ್ಪನ ಕಾಲದಿಂದ ಈ ಮನೆಯ ಕೂರಿಗೆಯನ್ನೇ ಹಿಡಿದ ದೊಡ್ಡ ಹೊಲದ ರೈತ. ಅವರು ಕೂಗಾಡಲಿಲ್ಲ. ಜೇಬಿನಿಂದ ಒಂದು ಹಿಡಿ ಕಡಲೆ ತೆಗೆದು ನನ್ನ ಪೆಟ್ಟಿಗೆಯ ಮುಚ್ಚಳದ ಮೇಲೆ ಸುರಿದರು.

"ಬೀಜ ನೋಡ್ರಿ, ಏನರ ಕೆಟ್ಟಾವನು? ಇದ ಬೀಜ ಹಿಂದೂ ಬಿತ್ತೀವಿ. ಈಗ ನಮ್ಮ ಹೊಲ ಮುದುಕನ ಬಾಯಿ ಆಗೇತಿ, ಎಲ್ಲಿ ನೋಡಿದ್ರೂ ಸಂದಿ."

"ಟ್ರ್ಯಾಕ್ಟರ್ ಜೋರ್ ಹೊಡದಿರಬೇಕ್ರಿ ಗೌಡ್ರ," ಎಂದ ದೇವೇಂದ್ರಪ್ಪ.

ಫಕೀರಗೌಡರು ಸ್ವಲ್ಪ ಹೊತ್ತು ಬಾಗಿಲ ಬೋರ್ಡನ್ನೇ ನೋಡಿದರು. "ನಿಮ್ಮಪ್ಪ ಇದ್ದಿದ್ರ ಹಿಂಗ ಅಂತಿದ್ದಿಲ್ಲ. ಎದ್ದು ನನ್ನ ಹೊಲಕ್ಕ ಬರ್ತಿದ್ದ. ಬೋರ್ಡಿನ ಮ್ಯಾಲೆ ಅವನ ಹೆಸರ್ಯಾಕ ಇಟ್ಟೀರಿ, ತಗದ ಬಿಡ್ರಿ," ಎಂದು ಹೇಳಿ ಹೋದರು.

ಅವರು ಹೋದ ಮೇಲೆ ಅಣ್ಣತಮ್ಮಂದಿರು ನನ್ನ ಎದುರಿಗೇ ಜಗಳಕ್ಕೆ ನಿಂತರು. ಮೇಣವೂ ಬೇಡ ಮಾದರಿಯೂ ಬೇಡ, ಬೇರೆ ಕಂಪನಿಯ ಉರುಳೆ ತಂದು ಹಾಕೋಣ ಎಂದು ಗುರುನಾಥ ಹೇಳಿದ. ಹಾಗೆ ಮಾಡುವುದಾದರೆ ನೀನು ಬೇರೆ ಶೆಡ್ ಹಾಕಿಕೋ ಎಂದ ದೇವೇಂದ್ರಪ್ಪ.

"ಹಾಕ್ಕೋತೀನಿ. ಈ ಹಳೇ ಕಬ್ಬಿಣದ ಸಲುವಾಗಿ ಮಂದಿಗೆ ಮಾರಿ ತೋರ್ಸದಂಗ ಆಗೇತಿ ನನಗ," ಎಂದ ಗುರುನಾಥ, ಕೈಗೆ ಸಿಕ್ಕ ಸುತ್ತಿಗೆ ಎತ್ತಿ ನನ್ನ ಉರುಳೆಯ ಮೇಲೆ ಒಂದು ಬಿಟ್ಟ.

ಆ ಮನೆಯಲ್ಲಿ ನನ್ನ ಮೇಲೆ ಯಾರೂ ಕೈ ಎತ್ತಿದವರಲ್ಲ. ಆ ಏಟಿಗೆ ನಾನು ಜನ್ಮವೆಲ್ಲ ಋಣಿ. ಒಂದು ಕುಳಿಯಿಂದ ಬಣ್ಣ ಕಿತ್ತು ಕೆಳಗೆ ಬಿತ್ತು, ಶೇಂಗಾ ಸಿಪ್ಪೆಯ ಅರ್ಧ ಹೋಳಿನಂತೆ, ಕುಳಿಯದೇ ಆಕಾರದಲ್ಲಿ. ದೇವೇಂದ್ರಪ್ಪ ಬಗ್ಗಿ ಎತ್ತಿಕೊಂಡ. ಅದರ ಅಂಚಿನಲ್ಲಿ ಪೊರೆಗಳು ಒಂದರ ಮೇಲೊಂದು ಕೂತಿದ್ದವು, ಎಲ್ಲವೂ ಹಸಿರು. ಮುಚ್ಚಳದ ಮೇಲೆ ಬಿದ್ದಿದ್ದ ಗೌಡರ ಕಡಲೆ ಒಂದನ್ನು ಎತ್ತಿ ತೆರೆದ ಕುಳಿಗೆ ಇಟ್ಟ. ಒಳಗೆ ಹಿತವಾಗಿ ಕೂತಿತು. ಪಕ್ಕದ ಕುಳಿಗೆ ಇಟ್ಟ. ಅರ್ಧ ಹೊರಗೇ ನಿಂತು, ಮುಟ್ಟಿದರೆ ಉರುಳಿ ಬಿತ್ತು.

ಗುರುನಾಥ ಸುತ್ತಿಗೆ ಕೆಳಗಿಟ್ಟ.

"ಬಣ್ಣ ನಾನ ಹಚ್ಚೀನಿ ತಮ್ಮಾ," ಎಂದ ದೇವೇಂದ್ರಪ್ಪ.

"ಬಣ್ಣದ ಅಳತಿ ನಾನ ತಗೊಂಡೀನಿ ಅಣ್ಣಾ," ಎಂದ ಗುರುನಾಥ.

ಇಬ್ಬರೂ ನೆಲಕ್ಕೆ ಕೂತು ನನ್ನ ಮೈ ಕೆರೆಯತೊಡಗಿದರು. ಎಷ್ಟೋ ಹಬ್ಬಗಳು ಹೊಟ್ಟು ಹೊಟ್ಟಾಗಿ ಉದುರಿದವು. ಕೆಳಗಿನಿಂದ ಮಾನಪ್ಪನ ಅರದ ಗೀರುಗಳು ಮೇಲೆ ಬಂದವು. ಅಂಟಿಕೊಂಡಿದ್ದ ಗಾಲಿಗೆ ಎಣ್ಣೆ ಬಿಟ್ಟು ತಿರುಗಿಸಿದರು, ನರಳುತ್ತ ತಿರುಗಿತು. ದೇವೇಂದ್ರಪ್ಪ ತಾನೇ ಫಕೀರಗೌಡರ ಮನೆಗೆ ಹೋಗಿ, ತಪ್ಪು ನಮ್ಮದು, ಒಮ್ಮೆ ಹೊಲದಲ್ಲಿ ಹಚ್ಚಿ ನೋಡೋಣ ಎಂದು ಕೇಳಿಕೊಂಡ. ಹೀಗೆ ಮಾನಪ್ಪ ಇಳಿಸಿದ್ದ ನನ್ನನ್ನು ಅವನ ಮಗ ಗಾಡಿಗೆ ಏರಿಸಿದ.

ಗೌಡರು ಇನ್ನೂ ಸಾಕಿಕೊಂಡಿದ್ದ ಒಂದು ಜೋಡಿ ಎತ್ತು ಹೂಡಿದರು. ಕಡಲೆ ಹುಟ್ಟದೇ ಖಾಲಿ ಉಳಿದಿದ್ದ ಹೊಲದ ಒಂದು ಪಟ್ಟಿಯಲ್ಲಿ ನನ್ನನ್ನು ಇಳಿಸಿದರು. ಎರೆಮಣ್ಣಿನಲ್ಲಿ ಇನ್ನೂ ಹಸಿ ಇತ್ತು. ಮಣ್ಣು ತಣ್ಣಗಿರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಎತ್ತುಗಳು ಹೆಜ್ಜೆ ಹಾಕಿದವು, ತಾಳುಗಳು ನೆಲ ಹೊಕ್ಕವು, ಗಾಲಿ ತಿರುಗಿತು, ಕಾಳು ಕುಳಿಗೆ ಬಂತು, ಕುಳಿಯಿಂದ ಕೊಳವೆಗೆ ಹೋಯಿತು, ಕೊಳವೆಯಿಂದ ಮಣ್ಣಿಗೆ ಬಿತ್ತು. ಇಷ್ಟೇ ಕೆಲಸ. ಇಷ್ಟಕ್ಕಾಗಿ ನಾನು ಒಂದು ಜನ್ಮ ಕಾದಿದ್ದೆ. ದೇವೇಂದ್ರಪ್ಪ ಚಪ್ಪಲಿ ಬಿಟ್ಟು ಹಿಂದೆ ಹಿಂದೆ ನಡೆಯುತ್ತ, ಬಗ್ಗಿ ಬಗ್ಗಿ ಬೆರಳಿನಿಂದ ಮಣ್ಣು ಸರಿಸಿ ಕಾಳು ನೋಡುತ್ತಿದ್ದ. ಎಲ್ಲಿ ಸರಿಸಿದರೂ ಕಾಳಿತ್ತು. ಸಂಜೆಯ ಹೊತ್ತಿಗೆ ನನ್ನ ತಾಳುಗಳ ತುದಿ ಒಂದಿಷ್ಟು ಬೆಳ್ಳಗಾಗಿತ್ತು.

"ಇದನ್ನ ನನಗ ಬಿಡ್ರಿ. ನಾ ತಗೊಂಡ ಹೊಸಾದನ್ನ ನೀವ ಒಯ್ರಿ," ಎಂದರು ಫಕೀರಗೌಡರು.

ನಾನು ದೇವೇಂದ್ರಪ್ಪನ ಬಾಯಿಯನ್ನೇ ನೋಡಿದೆ.

"ಅದು ನಮ್ಮಪ್ಪ ಇದ್ದಂಗ ಗೌಡ್ರ. ಅಪ್ಪನ್ನ ಯಾರರ ಕೊಡ್ತಾರನು," ಎಂದ ದೇವೇಂದ್ರಪ್ಪ. ಮನೆಗೆ ತಂದು, ಒಂದು ಕಣ ಮಣ್ಣೂ ಉಳಿಯದಂತೆ ನನ್ನನ್ನು ತೊಳೆದ.

ಗೌಡರ ಪಟ್ಟಿಯಲ್ಲಿ ಸಾಲು ಎಲ್ಲೂ ಒಡೆಯದೆ ಹುಟ್ಟಿತಂತೆ. ನಾನು ನೋಡಲಿಲ್ಲ, ಕೇಳಿದೆ. ಆಮೇಲೆ ಎಲ್ಲ ಸರಿಹೋಯಿತು. ಹಿಂದೆ ಒಯ್ದವರಿಗೆಲ್ಲ ಹೊಸ ಉರುಳೆ ಹಾಕಿಕೊಟ್ಟರು. ಬೋರ್ಡು ಇದ್ದಲ್ಲೇ ಉಳಿಯಿತು, ಬೇರೆ ಶೆಡ್ಡಿನ ಮಾತು ನಿಂತಿತು. ಗುರುನಾಥ ಬರಿಯ ಕಬ್ಬಿಣದ ಅಳತೆ ತೆಗೆದುಕೊಂಡು ಹೊಸ ನಕ್ಷೆ ಮಾಡಿದ. ಈ ಸಲ ಅದು ಸರಿಯಾಗಿತ್ತು. ಇನ್ನು ಮೇಣ ಬೇಡ, ಬಣ್ಣವೂ ಬೇಡ ಎಂದು ಇಬ್ಬರೂ ಒಪ್ಪಿದರು.

ಹಾಗಾದರೆ ಇನ್ನು ನಾನೂ ಬೇಡ ಎಂದು ನಾನು ಲೆಕ್ಕ ಹಾಕಿದೆ. ಮಾದರಿ ಗೋಡೆಯ ಮೇಲಿದೆ, ನನ್ನನ್ನು ಕಟ್ಟಿಹಾಕಲು ಇನ್ನು ಯಾವ ನೆಪವೂ ಉಳಿದಿಲ್ಲ. ಫಕೀರಗೌಡರು ಮತ್ತೊಮ್ಮೆ ಬಂದು ಕೇಳಿದರು. ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಂದೂ ಒಂದಾಗದ ಆ ಇಬ್ಬರು ಅವತ್ತು ಒಂದೇ ಮಾತು ಆಡಿದರು: ಮನೆತನದ ಮಾನ ಉಳಿಸಿದ ಕೂರಿಗೆ ಇದು, ಇದಕ್ಕೆ ತಕ್ಕ ಮರ್ಯಾದೆ ಆಗಬೇಕು.

ಆ ಮರ್ಯಾದೆಯನ್ನೇ ನಾನೀಗ ಅನುಭವಿಸುತ್ತಿದ್ದೇನೆ. ಶೆಡ್ಡಿನ ಗೇಟಿನ ಮುಂದೆ ಒಂದು ಕಟ್ಟೆ ಕಟ್ಟಿಸಿದರು. ಮೇಲೆ ತಗಡಿನ ನೆರಳು, ಸುತ್ತ ಸರಪಳಿ. ರಸ್ತೆಯ ಆಚೆ ಎರೆಹೊಲ ಕಾಣುತ್ತದೆ, ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ನನ್ನ ಮೊಮ್ಮಕ್ಕಳನ್ನು ಎಳೆದುಕೊಂಡು ಹೋಗುವುದೂ ಕಾಣುತ್ತದೆ. ಹೋಗುವವರು ನಿಂತು ಕೈಮುಗಿಯುತ್ತಾರೆ. ಪ್ರೀತಿಗೆ ಕೊರತೆಯಿಲ್ಲ ನೋಡಿ, ನನಗೆ ಎಂದೂ ಇರಲಿಲ್ಲ. ಏನು ಬೇಕು ಎಂದು ಕೇಳುವವರು ಮಾತ್ರ ಇರಲಿಲ್ಲ.

ನನ್ನನ್ನು ಕಟ್ಟೆಯ ಮೇಲೆ ನಿಲ್ಲಿಸುವ ದಿನ ಗೌಂಡಿ ಹಸಿ ಸಿಮೆಂಟ್ ಹರವಿಕೊಂಡು ಕೇಳಿದ: "ಯಜಮಾನ್ರ, ಇದರ ತಾಳು ಎಷ್ಟ್ ಆಳಕ್ಕ ಇಳಸ್ಲಿ?"

ದೇವೇಂದ್ರಪ್ಪ ಬಗ್ಗಿ, ಸಿಮೆಂಟಿನಲ್ಲಿ ಬೆರಳು ಊರಿ ತೋರಿಸಿದ. "ಕಡ್ಲಿ ಬಿತ್ತುವಷ್ಟು ಇಳಸು. ಹೆಚ್ಚೂ ಬ್ಯಾಡ, ಕಮ್ಮೀನೂ ಬ್ಯಾಡ."

ಗೌಂಡಿ ಒಳ್ಳೆಯ ಕೆಲಸಗಾರ, ಹೇಳಿದಷ್ಟೇ ಇಳಿಸಿದ. ಆಳ ಸರಿಯಾಗಿದೆ. ಇನ್ನು ಯಾರಾದರೂ ಎಳೆದರೆ ಆಯಿತು.