ಹೂವೆಣ್ಣೆ ಕುಡಿದ ಶೀಶೆಗಳು

ಹುಳಿಕಿತ್ತಳೆ ಹೂ ಬಿಡುವ ತಿಂಗಳಲ್ಲಿ ನಮ್ಮ ನಾಬುಲ್ ಊರಿನಲ್ಲಿ ಜಗಳಕ್ಕೆ ಯಾರಿಗೂ ಪುರುಸೊತ್ತಿರುವುದಿಲ್ಲ. ಆ ವರ್ಷ ಮಾತ್ರ ಜಗಳ ನಮ್ಮ ಬಾಗಿಲಿಗೇ ಬಂತು.

ನನ್ನ ಅತ್ತಿಗೆ ದೂಜಾ ತಾಮ್ರದ ಹಂಡೆಯಲ್ಲಿ ಹೂ ಬೇಯಿಸಿ, ಆವಿ ತಣಿಸಿ ಹೂನೀರು ಇಳಿಸುವವಳು. ನೀರಿನ ಮೇಲೆ ತೆಳ್ಳಗೆ ಎಣ್ಣೆ ತೇಲುತ್ತದೆ. ರಾಶಿ ಹೂವಿಗೆ ಒಂದು ಗುಟುಕು. ಅದನ್ನು ಅತ್ತರಿನ ಅಂಗಡಿಯ ಲಸಾದ್ ಒಯ್ಯುತ್ತಿದ್ದ. ಆ ಸಲ ಅವನು ಎಣ್ಣೆ ತುಂಬಲು ಗಾಜಿನ ಶೀಶೆ ಬಿಟ್ಟು ಹೊಸ ಪ್ಲಾಸ್ಟಿಕ್ ಶೀಶೆ ತಂದಿದ್ದ. ನೋಡಲು ಗಾಜೇ, ಉಗುರಿನಿಂದ ತಟ್ಟಿದರೆ ಟಣ್ ಎನ್ನುತ್ತಿತ್ತು.

ಸ್ವಲ್ಪ ದಿನಕ್ಕೆ ಅದೇ ಶೀಶೆಗಳನ್ನು ಬುಟ್ಟಿಯಲ್ಲಿ ಹೊತ್ತು ಬಂದು ನಮ್ಮ ಹೊಸ್ತಿಲ ಮೇಲೆ ಸುರಿದ. ಕತ್ತು ವಾಲಿದ್ದವು, ಮೈ ಮಬ್ಬುಗಟ್ಟಿತ್ತು, ಒತ್ತಿದರೆ ಬೆರಳಚ್ಚು ಉಳಿಯುತ್ತಿತ್ತು.

"ಏನ್ ಬೆರೆಸಿದ್ರಿ ಚಿಕ್ಕಮ್ಮ? ಬಣ್ಣದಂಗಡಿ ಥಿನ್ನರಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ.

"ಬಾಯಿ ತೊಳ್ಕೊಂಡು ಮಾತಾಡು!" ಎಂದಳು ಅತ್ತಿಗೆ.

ಅವನು ಅಲ್ಲಿಗೆ ಬಿಡಲಿಲ್ಲ. ಹೂವಿನ ಸಂತೆಯಲ್ಲೂ ಅದನ್ನೇ ಸಾರಿದ.

ನಮ್ಮಲ್ಲಿ ಮೊದಲು ಇಳಿದ ಹೂನೀರನ್ನು ಮಾರುವುದಿಲ್ಲ, ನೆರೆಮನೆಗಳಿಗೆ ಹಂಚುತ್ತೇವೆ. ಅದು ಹಬ್ಬದ ಸಿಹಿಗೆ ಬೀಳುತ್ತದೆ, ಹೊಟ್ಟೆನೋವೆಂದು ಅಳುವ ಕೂಸಿನ ಬಾಯಿಗೂ ಬೀಳುತ್ತದೆ. ಅತ್ತಿಗೆ ಹಂಚಿದ್ದ ಹೂನೀರಿನ ಶೀಶೆಗಳು ಒಂದೊಂದಾಗಿ ವಾಪಸು ಬಂದವು. ಯಾರೂ ಬೈಯಲಿಲ್ಲ. "ಈ ವರ್ಷ ನಮ್ಮಲ್ಲಿ ಬೇಕಾದಷ್ಟಿದೆ ಕಣಮ್ಮ" ಎಂದು ನೆಲ ನೋಡುತ್ತ ಇಟ್ಟುಹೋದರು. ಬೈದಿದ್ದರೇ ವಾಸಿಯಿತ್ತು. ವಿಷ ಹಾಕುವವಳೆಂದು ಹೆಸರು ಬಿದ್ದ ಮೇಲೆ ಹಂಡೆ ಹಚ್ಚಿ ಏನು ಪ್ರಯೋಜನ?

ಆ ಸಂಜೆ ಎದುರುಮನೆಯ ಮ್ನೂಬಿಯಾ ಬಂದಳು. ಅವಳದೂ ಇದೇ ಕಸುಬು. ಹಂಡೆಯ ಹೊಗೆಯ ಜಗಳದಲ್ಲಿ ಇಬ್ಬರೂ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು.

"ನೋಡಿ ನಗೋಕೆ ಬಂದ್ಯಾ?" ಎಂದಳು ಅತ್ತಿಗೆ.

"ನಗೋಣಾಂತಲೇ ಹೊರಟೆ ಕಣೇ. ಆಮೇಲೆ ಹೊಳೀತು, ಇವತ್ತು ನಿನ್ನ ಬಾಗ್ಲು, ನಾಳೆ ನಂದು. ನಡಿ ಅವನಂಗಡಿಗೆ, ನನ್ನೆಣ್ಣೇನೂ ತರ್ತೀನಿ."

ನಾನೂ ಜೊತೆಗೆ ಹೋದೆ. ಅತ್ತಿಗೆ ಅವನ ಹೊಸ ಶೀಶೆಯೊಂದನ್ನು ಕಿತ್ತುಕೊಂಡು, ಮನೆಯಲ್ಲಿ ಉಳಿಸಿದ್ದ ಎಣ್ಣೆಯನ್ನು ಅದರ ಮೇಲೆ ತೊಟ್ಟಿಕ್ಕಿದಳು. ನೋಡುತ್ತಿದ್ದಂತೆ ಮಬ್ಬಾಯಿತು, ಅಂಟಾಯಿತು.

"ನೋಡ್ರಪ್ಪಾ! ಕಳ್ಳಿ ತಾನೇ ಸಾಕ್ಷಿ ತಂದ್ಲು!" ಎಂದ ಲಸಾದ್. ಸೇರಿದ್ದವರು ಗೊಳ್ಳೆಂದು ನಕ್ಕರು.

ಮ್ನೂಬಿಯಾ ತನ್ನ ಎಣ್ಣೆ ಹಾಕಿದಳು. ಅದೂ ಹಾಗೇ ಆಯಿತು.

"ಹಾಗಾದ್ರೆ ಇಬ್ರೂ ಕೂಡ್ಕೊಂಡು ಬೆರೆಸಿದ್ದೀರಿ."

ಅತ್ತಿಗೆಯ ಮುಖ ಕೆಂಡವಾಯಿತು. ಅಂಗಡಿಯ ಮುಂದಿನ ಹುಳಿಕಿತ್ತಳೆ ಮರದಲ್ಲಿ ಹಳೆಯ ಕಾಯೊಂದು ಉಳಿದಿತ್ತು. ಹಾರಿ ಕಿತ್ತಳು. ಉಗುರು ಹಾಕಿ ಸಿಪ್ಪೆ ಸುಲಿದು, ಇನ್ನೊಂದು ಶೀಶೆಯ ಮೇಲೆ ಹಿಂಡಿದಳು. ಸಿಪ್ಪೆಯ ಎಣ್ಣೆ ಚಿಮ್ಮಿತು. ಬೆರಳಿನಿಂದ ಉಜ್ಜಿದಳು. ಹೊಳಪು ಹೋಗಿ ಬೆರಳು ಅಂಟಿಕೊಂಡಿತು.

"ಈ ಮರಕ್ಕೆ ಥಿನ್ನರ್ ಕುಡ್ಸಿದ್ಯಾರೋ? ನಿಮ್ಮಪ್ಪನಾ?"

ಈಗ ಯಾರೂ ನಗಲಿಲ್ಲ.

ನನಗೆ ಹೆಚ್ಚು ಓದು ಬಾರದು. ಆದರೆ ಗೋಧಿರವೆಯ ಕಾಳಿನ ಕುಸ್‌ಕುಸ್ ಬೇಯಿಸಿ ಗೊತ್ತು. ಒಣ ಕಾಳು ಕಲ್ಲಿನಂತಿರುತ್ತದೆ. ಆವಿ ಒಳಹೊಕ್ಕರೆ ಕಾಳು ಕರಗುವುದಿಲ್ಲ, ಒಳಗಿನ ಬಿಗಿ ಬಿಟ್ಟು ಉಬ್ಬಿ ಮೆತ್ತಗಾಗುತ್ತದೆ. ಆ ಪ್ಲಾಸ್ಟಿಕ್ಕಿಗೆ ಈ ಎಣ್ಣೆ ಹಾಗೆ. ನೀರನ್ನು ಅದು ಮುಟ್ಟುವುದಿಲ್ಲ, ಎಣ್ಣೆಯನ್ನು ಹೀರುತ್ತದೆ. ಎಣ್ಣೆ ಆರಿಹೋದ ಮೇಲೆ ಮತ್ತೆ ಗಟ್ಟಿಯಾಗುತ್ತದೆ, ಆದರೆ ವಾಲಿದ ಕತ್ತು ವಾಲಿದಂತೆಯೇ. ಎಣ್ಣೆ ಅಪ್ಪಟವಾಗಿದ್ದಷ್ಟೂ ಬೇಗ. ಅತ್ತಿಗೆಯ ಎಣ್ಣೆಯ ಶುದ್ಧತೆಯೇ ಅವಳ ಮೇಲಿನ ಆರೋಪವಾಗಿತ್ತು.

ಲಸಾದ್ ದನಿ ತಗ್ಗಿಸಿದ. "ಆಯ್ತು ಬಿಡಿ ಚಿಕ್ಕಮ್ಮ. ಒಳಗೆ ಬನ್ನಿ, ಚಹಾ ಕುಡ್ದು ಮಾತಾಡೋಣ."

"ಒಳಗ್ಯಾಕೆ? ಥಿನ್ನರ್ ಅಂದಿದ್ದು ಸಂತೇಲಿ. ಅಲ್ಲೇ ಬಂದು ಹೇಳು."

"ಅಂಗಡಿ ಇಟ್ಕೊಂಡೋನು ನಾನು, ನನಗೂ ಮಾನ ಅಂತ ಇಲ್ವಾ?"

"ನಿನ್ನ ಮಾನ ಒಳಗೆ ಕೂತು ಚಹಾ ಕುಡೀಲಿ. ನಂದು ಬೀದೀಲಿ ಬಿದ್ದಿದೆ."

ಮರುದಿನ ಬೆಳಿಗ್ಗೆ ಅವನು ಸಂತೆಗೆ ಬಂದ. ಬರದಿದ್ದರೆ ಊರಿನ ಯಾವ ಹಂಡೆಯ ಎಣ್ಣೆಯೂ ಅವನಿಗಿಲ್ಲವೆಂದು ಮ್ನೂಬಿಯಾ ಮನೆಮನೆಗೆ ಹೇಳಿಬಂದಿದ್ದಳು. ಹೂವಿನ ರಾಶಿಗಳ ನಡುವೆ ನಿಂತು ಏನೋ ಗೊಣಗಿದ.

"ಕೇಳಿಸ್ಲಿಲ್ಲ," ಎಂದಳು ಅತ್ತಿಗೆ.

"ತಪ್ಪು ಶೀಶೇದು..."

"ಶೀಶೆ ಬಾಯಿಬಿಟ್ಟು ನನ್ನ ಕಳ್ಳಿ ಅಂತ ಕೂಗಿತಾ?"

"ತಪ್ಪು ನಂದು! ದೂಜಾ ಚಿಕ್ಕಮ್ಮನ ಎಣ್ಣೆ ಅಪ್ಪಟ!" ಎಂದು ಕಿರುಚಿದ. ತೂಗುತ್ತಿದ್ದವರು ತಕ್ಕಡಿ ಇಳಿಸಿದರು.

ಹೂ ಕೊಳ್ಳುತ್ತಿದ್ದ ನೆರೆಯವರ ಕಡೆ ಅತ್ತಿಗೆ ತಿರುಗಿದಳು. "ನಿಮ್ಮ ಕಿವಿಗೂ ಬಿತ್ತಾ?" ಯಾರೂ ತಲೆಯೆತ್ತಲಿಲ್ಲ. ಹೂವಿನ ಮೂಟೆ ಹೆಗಲಿಗೇರಿಸಿಕೊಂಡು, ಹಂಡೆ ಹಚ್ಚಲು ಮನೆಯ ಕಡೆ ಹೊರಟಳು. ಹಿಂದೆ ಓಡಿದ ನನಗಾಗಿಯೂ ಅವಳು ನಿಲ್ಲಲಿಲ್ಲ.