ಮಾರ್ತಾಂಡನ ಉಡಿ

"ವೈನಿ, ಇದೂ ಫ್ರಾಡ್ ಅದ," ಎಂದು ಬಸವಲಿಂಗ ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿದ. ಇನ್ನು ಮಾತಾಡುವುದು ಏನೂ ಉಳಿದಿಲ್ಲ ಎನ್ನುವ ಹಾಗಿತ್ತು ಅವನ ಕೈ.

ಶಿವಕಾಂತಾ ಮೊಬೈಲನ್ನು ತಿರುಗಿಸಿ ಅಂಗಾತ ಇಟ್ಟಳು. ಬೂದು ಮೈಯ, ಹಳದಿ ಮುಖದ, ತಲೆಯ ಮೇಲೆ ಜುಟ್ಟು ಹೊತ್ತ ಹಕ್ಕಿಯೊಂದು ಪರದೆಯ ಒಳಗಿಂದ ಅವಳನ್ನು ಓರೆಗಣ್ಣಿನಲ್ಲಿ ನೋಡುತ್ತಿತ್ತು. ಪುಣೆಯಲ್ಲಿ ಹಕ್ಕಿ ಸಾಕುವವರ ಗುಂಪೊಂದರಲ್ಲಿ ಬಂದ ಜಾಹೀರಾತು ಅದು. ಅದರ ಕೆಳಗೆ ಮರಾಠಿಯಲ್ಲಿ ನಾಲ್ಕೇ ಸಾಲು: ಕಾಕಟೀಲ್ ಜಾತಿ, ಗಂಡು. ಕಚ್ಚುತ್ತದೆ. ಬೆಳಿಗ್ಗೆ ಓಣಿ ಎಚ್ಚರಾಗುವಂತೆ ಕಿರುಚುತ್ತದೆ. ದುಡ್ಡು ಬೇಡ, ಒಳ್ಳೆಯ ಮನೆ ಬೇಕು. ಬಂದು ನೋಡುವವರು ಮಾತ್ರ ಫೋನ್ ಮಾಡಿ. ಹೆಸರು ಎಸ್. ಪಾಟೀಲ, ವಿಳಾಸ ಸ್ವಾರಗೇಟ.

"ಪುಕ್ಕಟೆ ಯಾರು ಕೊಡ್ತಾರ ಈ ಕಾಲದಾಗ?" ಎಂದ ಬಸವಲಿಂಗ. "ಹೋದ ಸಲಾನೂ ಹಿಂಗ ಶುರು ಆಗಿತ್ತು."

ಹೋದ ಸಲ ಹೀಗೆ ಶುರುವಾಗಿರಲಿಲ್ಲ. ಹೋದ ಸಲ 'ಡಿಯರ್ ಮ್ಯಾಡಮ್' ಎಂದು ಶುರುವಾಗಿತ್ತು. ಮಾತಾಡುವ ಗಿಳಿ, ಮಗುವಿನಂಥ ಸ್ವಭಾವ, ಕಚ್ಚುವುದೇ ಗೊತ್ತಿಲ್ಲ ಎಂದು ಸಕ್ಕರೆ ಸುರಿದು, ಮೊದಲು ಪಂಜರಕ್ಕೆ, ಆಮೇಲೆ ಡಾಕ್ಟರ ಸರ್ಟಿಫಿಕೇಟಿಗೆ, ಅದರ ಮೇಲೆ ಗಾಡಿಗೆ ಎಂದು ಹಣ ಹಾಕಿಸಿಕೊಂಡು ಆ ಮನುಷ್ಯ ಮಾಯವಾಗಿದ್ದ. ಅವತ್ತೇ ಬಸವಲಿಂಗ ಮೇಲಿನ ಮಹಡಿಯಿಂದ ಇಳಿದು ಬಂದು, ಅತ್ತಿಗೆಯ ಮೊಬೈಲಿನಿಂದ ಹಣ ಕಳಿಸುವ ಆ್ಯಪು ತೆಗೆದುಹಾಕಿ, ಎಟಿಎಂ ಕಾರ್ಡನ್ನು ತನ್ನ ಪಾಕೀಟಿನಲ್ಲಿ ಇಟ್ಟುಕೊಂಡಿದ್ದ. "ನಿಮ್ಮ ಒಳ್ಳೇದಕ್ಕ ವೈನಿ," ಎಂದಿದ್ದ. ಕೆಟ್ಟವನಲ್ಲ ಅವನು. ಕೆಟ್ಟವನಾಗಿದ್ದರೆ ಜಗಳವಾಡಿ ಕಸಿದುಕೊಳ್ಳುವುದು ಸುಲಭವಿತ್ತು. ಅಂದಿನಿಂದ ಶಿವಕಾಂತಾ ತನ್ನದೇ ಪಗಾರವನ್ನು ಮೈದುನನ ಕೈಯಿಂದ ಕೇಳಿ ಪಡೆಯುತ್ತಿದ್ದಳು. ಸೀರೆ ಎಂದರೆ ಸೀರೆಗೆ, ಕೊತ್ತಂಬರಿ ಎಂದರೆ ಕೊತ್ತಂಬರಿಗೆ. ಅವನು ಒಂದು ದಿನವೂ ಇಲ್ಲ ಎನ್ನಲಿಲ್ಲ. 'ಯಾಕೆ' ಎಂದು ಮಾತ್ರ ಕೇಳುತ್ತಿದ್ದ, ಮತ್ತು ಅವಳಿಗೆ ಆ 'ಯಾಕೆ' ಮೈಯೆಲ್ಲ ಉರಿಸುತ್ತಿತ್ತು.

"ಇದು ಖರೇ ಅದ," ಎಂದಳು ಶಿವಕಾಂತಾ.

"ಹೆಂಗ ಹೇಳ್ತೀರಿ?"

"ಕಚ್ಚತದ ಅಂತ ಬರದಾರ. ಮೋಸ ಮಾಡಾವ ತನ್ನ ಹಕ್ಕಿ ಕಚ್ಚತದ ಅಂತ ಬರೀತಾನೇನು?"

ಪುಣೆಯ ಅಂಚಿನಲ್ಲಿ ಅವರಿದ್ದ ನಿಗಡಿಯ ಗ್ಯಾಸ್ ಏಜೆನ್ಸಿಯೊಂದರಲ್ಲಿ ದೂರು ಕೇಳುವ ಮೇಜು ಅವಳದು. ಸಿಲಿಂಡರ್ ಬಂದಿಲ್ಲವೆಂದು ಖರೆಯಾಗಿಯೂ ಒಲೆ ಆರಿಸಿ ಕುಳಿತವರು ಫೋನಿನಲ್ಲೇ ಹರಿಹಾಯುತ್ತಾರೆ. ಸಿಲಿಂಡರ್ ಬಂದಿದ್ದೂ ಇನ್ನೊಂದು ಬೇಕೆನ್ನುವವರು ತಾಯಿ, ಅಕ್ಕ ಎಂದು ಬೆಣ್ಣೆ ಹಚ್ಚುತ್ತಾರೆ. ದಿನವೆಲ್ಲ ಇದನ್ನು ಕೇಳಿಯೂ ಆ 'ಡಿಯರ್ ಮ್ಯಾಡಮ್'ಗೆ ಬಿದ್ದದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟಿತ್ತು. ಹಕ್ಕಿಯ ಆಸೆ ಕಿವಿ ಮುಚ್ಚಿಸಿತ್ತು. ಗಂಡ ಹೋಗಿ ಎರಡು ವರ್ಷವಾಗಿತ್ತು. ಕೆಲಸದಿಂದ ಬಂದು ಬೀಗ ತೆಗೆದರೆ ಬೈಯಲಿಕ್ಕಾದರೂ ಒಂದು ಜೀವ ಬೇಕು ಅನಿಸುತ್ತಿತ್ತು ಅವಳಿಗೆ.

"ಒಂದ್ ಕರಾರು," ಎಂದಳು. "ನಾ ಹೋಗಿ ನೋಡ್ತೀನಿ. ಸುಳ್ಳಿದ್ರ ಇನ್ನ ಮುಂದ ನೀ ಹೇಳಿದಂಗ ಕೇಳ್ತೀನಿ, ಮೊಬೈಲೂ ನಿನ್ನ ಕೈಯಾಗ ಕೊಡ್ತೀನಿ. ಖರೇ ಇದ್ರ ನನ್ನ ಕಾರ್ಡು ನನಗ."

ಬಸವಲಿಂಗ ನಕ್ಕ. ಗೆಲ್ಲುವುದು ತಾನೇ ಎಂಬ ಧೈರ್ಯದಿಂದ ಒಪ್ಪಿದ. "ಆದ್ರ ಒಬ್ಬಾಕಿ ಇರ್ತೀನಿ ಅಂತ ಯಾರಿಗೂ ಹೇಳಬ್ಯಾಡ್ರಿ. ಯಜಮಾನ್ರು ಅದಾರ ಅನ್ರಿ. ಕಾಲ ಛಲೋ ಇಲ್ಲ."

ಅವನೆದುರೇ ಅವಳು ಫೋನ್ ಹಚ್ಚಿದಳು. ಆ ಕಡೆಯಿಂದ ಒಬ್ಬ ಹೆಂಗಸು ಮರಾಠಿಯಲ್ಲಿ ಖಾರವಾಗಿ "ಯಾರು?" ಎಂದಳು. ಶಿವಕಾಂತಾ ಮರಾಠಿಯಲ್ಲೇ ವಿಷಯ ಹೇಳುತ್ತಿದ್ದಂತೆ ಹಿಂದೆ ಸೀಟಿಯಂಥ ಕಿರುಚಾಟ ಎದ್ದಿತು. "ಏ ಮಾರ್ತಾಂಡ, ಬಾಯಿ ಮುಚ್ಚಲೇ, ಫೋನಿನ್ಯಾಗ ಅದೀನಿ," ಎಂದಿತು ಆ ದನಿ, ಅಚ್ಚ ಕನ್ನಡದಲ್ಲಿ. ಇಬ್ಬರಿಗೂ ಮರಾಠಿ ಅಲ್ಲಿಗೇ ಸಾಕಾಯಿತು.

"ಮನ್ಯಾಗ ಯಾರ್ಯಾರು ಇರ್ತೀರಿ?" ಎಂದು ಕೇಳಿತು ದನಿ.

ಬಸವಲಿಂಗ ಎದುರಿಗೆ ಬೆರಳೆತ್ತಿ ಎಚ್ಚರಿಸಿದ. "ನಾನು, ನಮ್ಮ ಯಜಮಾನ್ರು," ಎಂದಳು ಶಿವಕಾಂತಾ.

ಆ ಕಡೆಯಿಂದ "ಹ್ಞೂಂ. ಬರ್ರಿ, ನೋಡೂಣು," ಎಂದು ಫೋನ್ ಕಟ್ಟಾಯಿತು.

"ಕನ್ನಡದವರು," ಎಂದಳು ಶಿವಕಾಂತಾ.

"ಕನ್ನಡದವರು ಮೋಸ ಮಾಡಂಗಿಲ್ಲೇನು?" ಎಂದ ಬಸವಲಿಂಗ. ಅವಳು ಎಲ್ಲಿದ್ದಾಳೆಂದು ತನಗೆ ಕಾಣುವಂತೆ ಅವಳ ಮೊಬೈಲಿನಲ್ಲಿ ಲೊಕೇಶನ್ ಹಾಕಿಡಲು ಹೇಳಿ, ತಾನೇ ಹಾಕಿಕೊಟ್ಟ. ಭಾನುವಾರ ಬಸ್ಸು ಹತ್ತಿ ಸೀಟು ಸಿಕ್ಕ ಕೂಡಲೇ ಅವಳು ಮಾಡಿದ ಮೊದಲ ಕೆಲಸ ಅದನ್ನು ಆರಿಸಿದ್ದು.

ಸ್ವಾರಗೇಟ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಹಳೆಯ ಕಟ್ಟಡದ ಎರಡನೇ ಮಹಡಿ. ಬಾಗಿಲು ಒಳಗಿನ ಸರಪಳಿ ಬಿಡುವಷ್ಟೇ ತೆರೆಯಿತು. ಆ ಸಂದಿಯಲ್ಲಿ ವಿಭೂತಿ ಹಚ್ಚಿದ ಹಣೆ, ದಪ್ಪ ಕನ್ನಡಕ, ಅರವತ್ತು ದಾಟಿದ ಮುಖ. ಸಾವಂತ್ರವ್ವ ಪಾಟೀಲ ಎಂದರೆ ಈಕೆಯೇ. ಹಕ್ಕಿ ಕಾಣಲಿಲ್ಲ, ಕೇಳಲೂ ಇಲ್ಲ. ಶಿವಕಾಂತಾಳ ಎದೆಯೊಳಗೆ ಬಸವಲಿಂಗನ ನಗು ಒಮ್ಮೆ ಕೇಳಿಸಿತು.

"ಯಜಮಾನ್ರು ಬರಲಿಲ್ಲೇನು?"

"ಮನ್ಯಾಗ ಅದಾರ್ರಿ."

"ಏನ್ ಮಾಡ್ತಾರ?"

"ಬ್ಯಾಟರಿ ಅಂಗಡಿ," ಎಂದು ಶಿವಕಾಂತಾ ಮೈದುನನ ಅಂಗಡಿಯನ್ನು ಸತ್ತ ಗಂಡನ ಹೆಸರಿಗೆ ಬರೆದುಕೊಟ್ಟಳು.

"ಹಂಗಾರ ಹಕ್ಕಿ ಸಿಗಂಗಿಲ್ಲ ತಂಗಿ. ಗಂಡಸರ ದನಿ ಕೇಳಿದ್ರ ರೆಕ್ಕಿ ಬಡಕೊಂಡು ರಕ್ತಾ ಮಾಡ್ಕೊಂತೈತಿ. ನಮ್ಮ ಮನಿಯವರು ಇರೂತನಕಾ ಪಂಜರಕ್ಕ ಚಪ್ಪಲಿ ಒಗದಾರ. ಗಂಡಸರಿಲ್ಲದ ಮನೀನ ಬೇಕು ಇದಕ್ಕ."

"ಹಂಗಂತ ಬರೀಬೇಕಿತ್ತಲ್ರಿ ಮತ್ತ."

"ಬರದ್ರ ಎಲ್ಲಾರೂ ಗಂಡಸರಿಲ್ಲ ಅಂತಾರ. ಪುಕ್ಕಟೆ ಒಯ್ದು ಮಾರ್ಕೊಳ್ಳಾವರ ಭಾಳ. ಅದಕ್ಕ ಬರದಿಲ್ಲ, ಕೇಳ್ತೀನಿ."

ಶಿವಕಾಂತಾ ಬಾಗಿಲ ಚೌಕಟ್ಟು ಹಿಡಿದಳು. ಜಾಹೀರಾತು ಖರೆಯೋ ಸುಳ್ಳೋ ಎಂದು ವಾರವೆಲ್ಲ ತೂಗಿ ನೋಡಿದವಳು ಅವಳು. ಆ ಕಡೆಯೂ ಒಂದು ತಕ್ಕಡಿ ಇದೆ ಎಂದು ಹೊಳೆದೇ ಇರಲಿಲ್ಲ. ಈಗ ನಿಜ ಹೇಳಿದರೂ ಅದು ಹಕ್ಕಿಗಾಗಿ ಹೇಳಿದ ಸುಳ್ಳಿನಂತೆಯೇ ಕೇಳುತ್ತದೆ. ಆದರೂ ಹೇಳಿದಳು. "ಯಜಮಾನ್ರಿಲ್ರಿ ನನಗ. ತೀರಿಕೊಂಡಾರ."

"ನೋಡು," ಎಂದಳು ಸಾವಂತ್ರವ್ವ. "ಒಂದ್ ಗಳಿಗಿಯೊಳಗ ಗಂಡನ್ನ ಕೊಂದಿ. ಜಾಹೀರಾತು ಖರೇನ ಐತಿ ತಂಗಿ, ಬಂದಾಕಿ ಸುಳ್ಳಾಕಿ." ಬಾಗಿಲು ಮುಚ್ಚತೊಡಗಿತು.

ಶಿವಕಾಂತಾಳಿಗೆ ಬೇಡಿಕೊಳ್ಳಬಹುದು ಅನಿಸಿತು, ಅವ್ವಾ ತಾಯಿ ಎನ್ನಬಹುದು ಅನಿಸಿತು. ಆದರೆ ಬಾಯಿಂದ ಬಂದದ್ದು ಬೇರೆ.

"ಹಂಗ ಅನಬ್ಯಾಡ್ರಿ. ಒಬ್ಬಾಕಿ ಅದೀನಿ ಅಂತ ಹೇಳಬ್ಯಾಡ ಅಂತಾರ ಮನ್ಯಾಗ. ಹೇಳದಿದ್ರ ನೀವು ಬಾಗಲಾ ಹಾಕ್ತೀರಿ. ನನ್ನ ಪಗಾರ ನನ್ನ ಕೈಯಾಗಿಲ್ಲ. ಕೊತ್ತಂಬರಿಗೂ ಮೈದುನನ್ನ ಕೇಳ್ಬೇಕು, ಅವ ಯಾಕ ಅಂತಾನ. ಈ ಮಾತು ಇವತ್ತಿನ ತನಕಾ ಯಾರಿಗೂ ಹೇಳಿಲ್ಲ, ನಿಮ್ಮ ಬಾಗಲಾಗ ನಿಂತು ಹೇಳಾಕತ್ತೀನಿ. ಹಕ್ಕಿ ಕೊಡ್ರಿ, ಬಿಡ್ರಿ, ನಿಮ್ಮ ಖುಷಿ. ನನಗ ಸುಳ್ಳಾಕಿ ಅಂತ ಮಾತ್ರ ಅನಬ್ಯಾಡ್ರಿ." ದನಿ ಮೆಟ್ಟಿಲ ಕೆಳಗಿನವರೆಗೂ ಹೋಗಿತ್ತು. ಕೆಳಗಿನ ಮನೆಯ ಬಾಗಿಲು ತೆರೆದು ಯಾರೋ ಮೇಲೆ ನೋಡಿದರು. ನೋಡಲಿ, ಅಂದುಕೊಂಡಳು.

ಒಳಗಿಂದ ಒಂದು ಸೀಟಿ ಬಂತು, ಕಿರುಚಾಟವಲ್ಲ, ಸಣ್ಣಗೆ, ಏರಿ ಇಳಿದು. ಸಾವಂತ್ರವ್ವ ಸೀಟಿ ಬಂದ ಕಡೆ ನೋಡಿದಳು, ಶಿವಕಾಂತಾಳ ಕಡೆ ನೋಡಿದಳು. ಸರಪಳಿ ಕಳಚಿತು.

"ಬಾ. ಚಪ್ಪಲಿ ಹೊರಗ ಬಿಡು, ಅದಕ್ಕ ಅಂಜ್ತೈತಿ."

ಹಕ್ಕಿ ಕಿಟಕಿಯ ಬಳಿ ಪಂಜರದಲ್ಲಿ ಕುಳಿತಿತ್ತು, ಫೋಟೋದಲ್ಲಿದ್ದದ್ದೇ. ಹಳದಿ ಮುಖ, ಕೆನ್ನೆಯ ಮೇಲೆ ಕಿತ್ತಳೆ ಬಣ್ಣದ ಬೊಟ್ಟು. ಜೇಜೂರಿಯ ದೇವರು ಮಾರ್ತಾಂಡನ ಭಂಡಾರದ ಅರಿಷಿಣ ಬಳಿದುಕೊಂಡ ಹಾಗೆ ಕಂಡದ್ದಕ್ಕೆ ಆ ಹೆಸರೇ ಇಟ್ಟೆ ಎಂದಳು ಸಾವಂತ್ರವ್ವ. ಹೇಳುತ್ತಲೇ ಕೆಮ್ಮಿದಳು, ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ. ಈ ಜಾತಿಯ ಹಕ್ಕಿಯ ಮೈಯಿಂದ ಸದಾ ಬಿಳಿ ಪುಡಿ ಉದುರುತ್ತದಂತೆ. ಅದು ಅವಳ ಪುಪ್ಪುಸಕ್ಕೆ ಇಳಿದಿತ್ತು. "ಹಕ್ಕಿ ಇಟ್ಕೊಂತೀರೋ, ಉಸರಾಡ್ತೀರೋ ಅಂತ ಕೇಳಿದ್ರು ಡಾಕ್ಟ್ರು," ಎಂದಳು. "ಆರು ತಿಂಗಳು ಎರಡೂ ಮಾಡಿ ನೋಡಿದೆ."

ಶಿವಕಾಂತಾ ಪಂಜರದೊಳಗೆ ಬೆರಳಿಟ್ಟಳು. ಮಾರ್ತಾಂಡ ಜುಟ್ಟು ಕೆಳಗೆ ಮಾಡಿ ಬುಸ್ಸೆಂದ, ಬಂದು ಕಚ್ಚಿದ. ಜಾಹೀರಾತಿನಲ್ಲಿ ಬರೆದಂತೆಯೇ ಕಚ್ಚಿದ, ರಕ್ತ ಬರುವ ಹಾಗೆ. ಅವಳು ಬೆರಳು ತೆಗೆಯಲಿಲ್ಲ. ಸುಮ್ಮನೆ ಹಿಡಿದಿದ್ದು ಬೇಸರವಾದ ಮೇಲೆ ಹಕ್ಕಿಯೇ ಬಿಟ್ಟಿತು, ಪಕ್ಕಕ್ಕೆ ಸರಿದು ಅವಳನ್ನು ಓರೆಗಣ್ಣಿನಲ್ಲಿ ನೋಡಿತು. ಅವಳಿಗೆ ಎಷ್ಟೋ ದಿನದ ಮೇಲೆ ಖುಷಿಯಾಯಿತು.

ಹೊರಡುವಾಗ ಸಾವಂತ್ರವ್ವ ತಟ್ಟೆಯೊಂದನ್ನು ತಂದಳು. ಅರಿಷಿಣ, ಕುಂಕುಮ, ಎಲೆ ಅಡಿಕೆ, ಕೊಬ್ಬರಿ ಬಟ್ಟಲು, ಒಂದು ಕುಪ್ಪಸದ ಖಣ. ಹೆಣ್ಣುಮಗಳನ್ನು ಗಂಡನ ಮನೆಗೆ ಕಳಿಸುವಾಗ ಉಡಿ ತುಂಬುವ ತಟ್ಟೆ. ಶಿವಕಾಂತಾ ಎರಡು ಹೆಜ್ಜೆ ಹಿಂದೆ ಸರಿದಳು. ಗಂಡ ಹೋದ ಮೇಲೆ ಯಾರ ಮನೆಯಲ್ಲೂ ಆ ತಟ್ಟೆ ಅವಳ ಮುಂದೆ ನಿಂತಿರಲಿಲ್ಲ. ತಟ್ಟೆ ಬರುವ ಹೊತ್ತಿಗೆ ತಾನೇ ಎದ್ದು ಅಡುಗೆಮನೆಗೆ ಹೋಗುವುದು ಅವಳಿಗೆ ರೂಢಿಯಾಗಿತ್ತು.

"ನನಗ ತುಂಬಂಗಿಲ್ರಿ."

"ನಿನಗ ಯಾರು ತುಂಬಾಕತ್ತಾರ? ಮಾರ್ತಾಂಡಗ ತುಂಬಾಕತ್ತೀನಿ. ಅವಗ ಸೆರಗಿಲ್ಲ, ನೀ ಹಿಡಿ."

"ಅವ ಗಂಡು ಹಕ್ಕಿ ಅಲ್ಲೇನ್ರಿ?"

"ಇರ್ಲಿ. ನಾ ಏನ್ ಮುತ್ತೈದಿ ಅದೀನೇನು? ನಮ್ಮಿಬ್ಬರನ್ನ ಕೇಳಾಕ ಯಾರು ಕುಂತಾರ ಇಲ್ಲೆ? ಹಿಡಿ."

ಶಿವಕಾಂತಾ ಸೆರಗು ಒಡ್ಡಿದಳು. ಸಾವಂತ್ರವ್ವ ಅಕ್ಕಿಯ ಬದಲು ಹಕ್ಕಿಯ ಮೇವಿನ ನವಣಿಯನ್ನು ಬೊಗಸೆ ಬೊಗಸೆ ಹಾಕಿದಳು, ಅದರ ಮೇಲೆ ಕೊಬ್ಬರಿ, ಎಲೆ ಅಡಿಕೆ, ಖಣ. ಕುಂಕುಮದ ಬೆರಳು ಶಿವಕಾಂತಾಳ ಹಣೆಯ ಹತ್ತಿರ ಬಂದು ಕೇಳುವಂತೆ ನಿಂತಿತು. ಶಿವಕಾಂತಾ ಹಣೆ ಮುಂದೆ ಮಾಡಿದಳು. ಆಮೇಲೆ ಸಾವಂತ್ರವ್ವ ಹಕ್ಕಿಯ ಕಡೆ ನೋಡಲೇ ಇಲ್ಲ. "ಬೆಳಿಗ್ಗೆ ಬೈತೈತಿ, ತಿರುಗಿ ಬೈ, ಸುಮ್ಮನಾಗ್ತೈತಿ," ಎಂದು ಗೋಡೆಗೆ ಹೇಳಿ ಬಾಗಿಲು ಹಾಕಿಕೊಂಡಳು.

ಬಸ್ಸಿನಲ್ಲಿ ಪಂಜರ ತೊಡೆಯ ಮೇಲೆ, ಉಡಿ ಅದರ ಕೆಳಗೆ. ಕಂಡಕ್ಟರನ ದನಿಗೆ ಮಾರ್ತಾಂಡ ರೆಕ್ಕೆ ಬಡಿದಾಗ ಅವಳು ಪಂಜರಕ್ಕೆ ಖಣದ ಬಟ್ಟೆ ಹೊದಿಸಿದಳು. ಎದುರು ಸೀಟಿನ ಹೆಂಗಸೊಬ್ಬಳು ಅವಳ ಹಣೆ, ಖಾಲಿ ಕೊರಳು ಎರಡನ್ನೂ ನೋಡಿ ಲೆಕ್ಕ ಕೂಡದೆ ಮುಖ ತಿರುಗಿಸಿದಳು. ಶಿವಕಾಂತಾ ಕುಂಕುಮ ಒರೆಸಿಕೊಳ್ಳಲಿಲ್ಲ.

ನಿಗಡಿಯಲ್ಲಿ ಬಸವಲಿಂಗ ಕಟ್ಟಡದ ಗೇಟಿನಲ್ಲೇ ನಿಂತಿದ್ದ. "ಲೊಕೇಶನ್ ಯಾಕ ಆರಿಸಿದ್ರಿ ವೈನಿ? ನಾ ಇಲ್ಲೆ ಎಷ್ಟು..." ಎನ್ನುವಷ್ಟರಲ್ಲಿ ಖಣದ ಬಟ್ಟೆಯೊಳಗಿಂದ ಮಾರ್ತಾಂಡ ಕಿರುಚಿದ. ಬಸವಲಿಂಗ ಹಿಂದೆ ಸರಿದ. ಅವನ ಕಣ್ಣು ಪಂಜರ ಬಿಟ್ಟು ಅತ್ತಿಗೆಯ ಹಣೆಗೆ ಹೋಯಿತು, ಅಲ್ಲಿಂದ ತುಂಬಿದ ಸೆರಗಿಗೆ ಇಳಿಯಿತು, ಅಲ್ಲೇ ನಿಂತಿತು.

"ಇದೇನ್ರಿ?"

"ಹಕ್ಕೀದು," ಎಂದಳು ಶಿವಕಾಂತಾ. "ಸಣ್ಣ ದನಿಲೆ ಮಾತಾಡು. ಗಂಡಸರ ದನಿ ಕೇಳಿದ್ರ ಅಂಜ್ತದ ಅದು. ಕಾರ್ಡು ಕೊಡು."

"ಕೊಡ್ತೀನಿ, ಒಳಗ ನಡೀರಿ ಮೊದ್ಲ."

"ಇಲ್ಲೇ ಕೊಡು."

ಅವನು ಪಾಕೀಟು ತೆಗೆದ. ಕಾರ್ಡು ಬೆರಳ ತುದಿಯಲ್ಲಿ ಹಿಡಿದು ಯಾಕೆ ಎಂದು ಕೇಳಲು ಬಾಯಿ ತೆರೆದ. ಕೇಳಲಿಲ್ಲ. ಅವಳ ಒಂದು ಕೈಯಲ್ಲಿ ಪಂಜರವಿತ್ತು, ಇನ್ನೊಂದರಲ್ಲಿ ಸೆರಗು. ಅವಳು ಯಾವುದನ್ನೂ ಕೆಳಗಿಡಲಿಲ್ಲ. ಸೆರಗನ್ನು ಸ್ವಲ್ಪ ಮುಂದಕ್ಕೆ ಒಡ್ಡಿದಳು.

"ಇದರಾಗ ಹಾಕು."

ಕಾರ್ಡು ನವಣಿಯ ಮೇಲೆ ಬಿತ್ತು, ಕೊಬ್ಬರಿ ಬಟ್ಟಲಿನ ಪಕ್ಕ. ಅವಳು ಸೆರಗಿನ ಬಾಯಿ ಮುಚ್ಚಿ ಮುಷ್ಟಿಯಲ್ಲಿ ಬಿಗಿಹಿಡಿದು ತನ್ನ ಮನೆಯ ಬಾಗಿಲಿಗೆ ನಡೆದಳು. ಹಿಂದೆ ನಾಲ್ಕೈದು ಕಾಳು ನವಣಿ ಉದುರುತ್ತ ಹೋಯಿತು.