ಅಟ್ಟದ ಮೇಲಿನ ಸೈಕಲ್

“ಏಣಿ ಗಟ್ಟಿ ಇದೆಯಾ ಸರ್?” ಎಂದು ಚೇತನ್‌ಕುಮಾರ್ ಎರಡನೇ ಸಲ ಕೇಳಿದ.

“ವರ್ಷಕ್ಕೆ ಹತ್ತು ಸಾವ್ರ ಕಾಯಿ ಹತ್ತಿ ಇಳೀತವೆ ಇದ್ರಲ್ಲಿ. ನಿಮ್ಮನ್ನೂ ತಡೀತದೆ, ಹತ್ತಿ,” ಎಂದ ಚನ್ನೇಶ್, ಏಣಿಯ ಬುಡವನ್ನು ಕಾಲಿನಿಂದ ಒತ್ತಿ ಹಿಡಿದು.

ಚೇತನ್‌ಕುಮಾರ್ ಬೇಲೂರಿನಲ್ಲಿ ಲಾಡ್ಜ್ ಇಟ್ಟವನು. ದೇವಸ್ಥಾನ ನೋಡಲು ಬಂದವರು ಉಳಿದುಕೊಳ್ಳುವ ಆ ಲಾಡ್ಜಿನ ಗೋಡೆಗಳ ಮೇಲೆಲ್ಲ ಅಪರೂಪದ ಸೈಕಲ್‌ಗಳನ್ನು ತೂಗುಹಾಕಿದ್ದ. ಅವುಗಳಲ್ಲಿ ಒಂದನ್ನೂ ತುಳಿದವನಲ್ಲ. ಹೊಟ್ಟೆ ನೋಡಿದರೇ ಅದು ಗೊತ್ತಾಗುತ್ತಿತ್ತು. ಅರಸೀಕೆರೆಗೆ ಹತ್ತಿರದ ಈ ಹಳ್ಳಿಗೆ ಅವನು ಕಾರು ಮಾಡಿಕೊಂಡು ಬಂದದ್ದು ಚನ್ನೇಶ್ ಫೋನ್ ಮಾಡಿ ಕರೆದದ್ದಕ್ಕೆ. ಒಳಗೆ ಕಾಲಿಟ್ಟವನು ಗೋಡೆಯ ಮೇಲೆ ಹಾರ ಹಾಕಿದ್ದ ಹುಡುಗಿಯ ಫೋಟೋ ನೋಡಿ ಅಲ್ಲೇ ನಿಂತುಬಿಟ್ಟಿದ್ದ.

“ಇದು... ಅವತ್ತು ಗೆದ್ದ ಹುಡುಗಿ ಅಲ್ವಾ? ಯಾವಾಗ ಸರ್?”

“ಎರಡು ವರ್ಷ ಆಯ್ತು. ಡೆಂಗಿ ಬಂತು. ಒಂಬತ್ತೇ ದಿನ,” ಎಂದಿದ್ದ ಚನ್ನೇಶ್. ಬಂದವರಿಗೆಲ್ಲ ಹೇಳಿ ಹೇಳಿ ಆ ಮಾತು ಸವೆದುಹೋಗಿತ್ತು.

ನಾಲ್ಕು ವರ್ಷದ ಹಿಂದೆ ಒಂದು ಹಳೆಯ ಸೈಕಲ್ ಕಂಪನಿ ತನಗೆ ಎಪ್ಪತ್ತೈದು ತುಂಬಿತೆಂದು ಬೇಲೂರಿನಿಂದ ಹಳೇಬೀಡಿಗೆ ಹೋಗಿ ಬರುವ ರೇಸ್ ಇಟ್ಟಿತ್ತು. ಚನ್ನೇಶನ ಒಬ್ಬಳೇ ಮಗಳು ನಂದಿತಾ ಆಗ ಮೊದಲನೇ ಪಿಯುಸಿ. ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟಿದ್ದ ಸೈಕಲ್ಲನ್ನೇ ತುಳಿದುಕೊಂಡು ಹೋಗಿ, ಬೆಂಗಳೂರಿನ ಹೆಲ್ಮೆಟ್ಟಿನ ಹುಡುಗಿಯರನ್ನೆಲ್ಲ ಹಿಂದೆ ಹಾಕಿ ಮೊದಲನೆಯವಳಾಗಿ ಬಂದಳು. ಬಹುಮಾನವೆಂದು ಕೊಟ್ಟದ್ದು ರೇಸಿನ ಸೈಕಲ್. ಬೆರಳು ದಪ್ಪದ ಟೈರು, ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿದ ಹ್ಯಾಂಡಲ್. ಎಪ್ಪತ್ತೈದು ವರ್ಷದ ನೆನಪಿಗೆ ಎಪ್ಪತ್ತೈದೇ ಸೈಕಲ್ ಮಾಡಿದ್ದರಂತೆ. ಇದರ ಕೊರಳಿನಲ್ಲಿದ್ದ ಹಿತ್ತಾಳೆಯ ಬಿಲ್ಲೆಯಲ್ಲಿ ನಲವತ್ತೊಂದು ಎಂದು ಬರೆದಿತ್ತು.

ಅವತ್ತು ಗುಂಪಿನಲ್ಲಿದ್ದ ಇದೇ ಚೇತನ್‌ಕುಮಾರ್ ಚನ್ನೇಶನನ್ನು ಪಕ್ಕಕ್ಕೆ ಕರೆದಿದ್ದ. “ಇದು ಓಡಿಸೋ ಸೈಕಲ್ ಅಲ್ಲ ಸರ್, ಇಟ್ಕೊಳ್ಳೋ ಸೈಕಲ್. ರಸ್ತೆಗೆ ಇಳಿಸಿದ್ರಿ ಅಂದ್ರೆ ಎಲ್ಲರ ಸೈಕಲ್ ಥರ ಆಗ್ಬಿಡುತ್ತೆ. ಮುಟ್ಟದೆ ಹತ್ತು ವರ್ಷ ಇಡಿ, ಆಮೇಲೆ ನೋಡಿ.”

ಬೇರೆ ಯಾರಿಗಾದರೂ ಈ ಮಾತು ಹುಚ್ಚು ಎನಿಸುತ್ತಿತ್ತೇನೋ. ಕೊಬ್ಬರಿ ಮಾಡುವವನಿಗೆ ಅದು ದೇವರ ಮಾತಿನಂತೆ ಕೇಳಿಸಿತು. ಅಟ್ಟಕ್ಕೆ ಕಾಯಿ ಹಾಕಿದರೆ ಹತ್ತು ಹನ್ನೊಂದು ತಿಂಗಳು ಅದರ ತಂಟೆಗೆ ಹೋಗುವ ಹಾಗಿಲ್ಲ. ಕೆಳಗೆ ಹೊಗೆ ಹಾಕಬೇಕು, ಕಾಯಬೇಕು. ನೀರೆಲ್ಲ ಇಂಗಿ, ಒಳಗಿನದು ಕರಟ ಬಿಟ್ಟು ಉಂಡೆಯಾಗಿ, ಕಿವಿಯ ಹತ್ತಿರ ಅಲ್ಲಾಡಿಸಿದರೆ ಗುಡುಗುಡು ಎನ್ನಬೇಕು. ಆತುರಪಟ್ಟು ಮೊದಲೇ ಒಡೆದವನಿಗೆ ಅತ್ತ ಕಾಯಿಯೂ ಇಲ್ಲ, ಇತ್ತ ಕೊಬ್ಬರಿಯೂ ಇಲ್ಲ. ಚನ್ನೇಶನ ಅಪ್ಪ, ಅಜ್ಜ ಬದುಕಿದ್ದು ಹೀಗೆಯೇ. ಕಾದಿಟ್ಟದ್ದು ಕೆಡುವುದಿಲ್ಲ ಎಂಬುದು ಅವನ ರಕ್ತದಲ್ಲೇ ಇತ್ತು. ಮನೆಗೆ ಬಂದ ದಿನವೇ ಸೈಕಲ್ಲನ್ನು ಅಟ್ಟಕ್ಕೆ ಏರಿಸಿ, ಚಕ್ರ ಎಲ್ಲಿಯೂ ತಾಗದಂತೆ ತೊಲೆಗೆ ಹುರಿಹಗ್ಗದಲ್ಲಿ ತೂಗುಹಾಕಿ, ಮೇಲೆ ಪ್ಲಾಸ್ಟಿಕ್ ಹೊದಿಸಿ ಕಟ್ಟಿದ.

“ಅಪ್ಪ, ಒಂದೇ ಒಂದ್ ಸಲ. ಹಳೇಬೀಡಿಗಂಟ ಹೋಗ್ಬತ್ತೀನಿ,” ಎಂದು ನಂದಿತಾ ಗೋಗರೆದಳು.

“ಸ್ಟೇಟ್ ಗೆದ್ಕೊಂಡ್ ಬಾ ಮಗ, ನಾನೇ ಇಳಿಸ್ಕೊಡ್ತೀನಿ. ಅಲ್ಲೀಗಂಟ ಓಡುಸ್ಬಾರ್ದು. ಮಾತು ಕೊಡು.”

ಅವಳು ಅಪ್ಪನ ಅಂಗೈಗೆ ಫಟ್ ಎಂದು ಹೊಡೆದು ಮಾತು ಕೊಟ್ಟಳು. ಹಾಸನದ ಕೋಚ್ ಒಬ್ಬರಿಂದ ಎರವಲು ಪಡೆದ ಸೈಕಲ್‌ನಲ್ಲಿ ಎರಡು ಸಲ ಸ್ಟೇಟ್‌ಗೆ ಹೋದಳು. ಒಮ್ಮೆ ಏಳನೆಯವಳು, ಇನ್ನೊಮ್ಮೆ ನಾಲ್ಕನೆಯವಳು. “ಮುಂದಿನ್ಸಲ ಬಿಡು,” ಎಂದ ಚನ್ನೇಶ್. ಮುಂದಿನ ಸಲಕ್ಕೆ ಮೊದಲು ಜ್ವರ ಬಂತು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುತ್ತಾರೆ. ಈ ಮನೆಯಲ್ಲಿ ಎರಡೂ ಒಟ್ಟಿಗೇ ಇದ್ದವು. ನಡುವೆ ಒಂದು ಏಣಿಯಷ್ಟು ದೂರವಿತ್ತು, ಅಷ್ಟೆ.

ಮಗಳು ಹೋದ ಮೇಲೆ ಆ ಮನೆಯಲ್ಲಿ ಸೈಕಲ್ ಎಂಬ ಶಬ್ದವನ್ನೇ ಯಾರೂ ಆಡಿರಲಿಲ್ಲ. ಹೋದ ತಿಂಗಳು ಕಾಯಿ ಒಣಗಿವೆಯೇ ಎಂದು ಅಲ್ಲಾಡಿಸಿ ನೋಡಲು ಅಟ್ಟ ಹತ್ತಿದ ಚನ್ನೇಶನ ಕಣ್ಣು ಪ್ಲಾಸ್ಟಿಕ್ಕಿನ ಗಂಟಿನ ಮೇಲೆ ಬಿತ್ತು. ಅವನು ಹಾಕುವುದು ಕೊಬ್ಬರಿ ಚೀಲಕ್ಕೆ ಹಾಕುವ ಬಿಗಿ ಗಂಟು. ಇದು ಎರಡು ಕಿವಿಯ ಗಂಟು, ಶೂ ದಾರಕ್ಕೆ ಹಾಕುವಂಥದ್ದು. ಮನೆಯಲ್ಲಿ ಶೂ ಹಾಕುತ್ತಿದ್ದವಳು ಒಬ್ಬಳೇ. ಮಂಗಳವಾರ, ಶುಕ್ರವಾರ ಅವನು ಅರಸೀಕೆರೆ ಮಾರ್ಕೆಟ್ಟಿಗೆ ಹೋದರೆ ಬರುತ್ತಿದ್ದದ್ದು ಸಂಜೆಗೆ. ಏಣಿ ಅಲ್ಲೇ ಇರುತ್ತಿತ್ತು. ಹದಿನೇಳರ ಹುಡುಗಿ, ಕಾಲಲ್ಲಿ ಅಷ್ಟು ಕಸುವು. ಕದ್ದು ಓಡಿಸದೆ ಇದ್ದಾಳೆಯೇ! ಮಗಳು ತನಗೆ ಮೋಸ ಮಾಡಿರಲಿ ಎಂದು ಯಾವ ಅಪ್ಪನೂ ದೇವರಿಗೆ ಕೈ ಮುಗಿದಿರಲಾರ. ಚನ್ನೇಶ್ ಮುಗಿದ. ಹೆಂಡತಿಯನ್ನು ಕೇಳುವ ಧೈರ್ಯವಿರಲಿಲ್ಲ. ಕೊನೆಗೆ ಮಾರುವ ನೆಪ ಮಾಡಿ ಚೇತನ್‌ಕುಮಾರನಿಗೆ ಫೋನ್ ಮಾಡಿದ್ದ.

ಅಟ್ಟದ ಮೇಲೆ ಬಗ್ಗಿಯೇ ನಿಲ್ಲಬೇಕು. ಚೇತನ್‌ಕುಮಾರ್ ಕಾಯಿಗಳ ನಡುವೆ ಮಂಡಿಯೂರಿ ಪ್ಲಾಸ್ಟಿಕ್ ಸರಿಸಿದ.

“ಓಡ್ಸಿದ್ರೆ ನಿಮ್ಗೆ ಗೊತ್ತಾಗ್ತದಾ?” ಎಂದ ಚನ್ನೇಶ್.

“ಒಂದೇ ನಿಮಿಷದಲ್ಲಿ ಗೊತ್ತಾಗುತ್ತೆ. ಯಾಕೆ, ಓಡಿಸಿದ್ರಾ?”

“ಓಡ್ಸಲ್ಲ ಅಂತ ಮಾತ್ ಕೊಟ್ಟಿದ್ಲು ಮಗಳು. ಆದ್ರೂ ನಾನಿಲ್ದಾಗ ಓಡ್ಸಿರ್ಬೌದು. ಓಡ್ಸೇ ಇರ್ತಾಳೆ. ಸರ್ಯಾಗ್ ನೋಡಿ.”

ಚೇತನ್‌ಕುಮಾರನಿಗೆ ಇದು ವಿಚಿತ್ರವೆನಿಸಿತು. ಮಾರುವವರು ಯಾರೂ ತಮ್ಮ ಮಾಲಿನ ಮೇಲೆ ತಾವೇ ಹೀಗೆ ದೂರು ಹೇಳುವುದಿಲ್ಲ. ಅವನು ಮೊಬೈಲಿನ ಬೆಳಕು ಬಿಟ್ಟು ಮೊದಲು ಚೈನ್ ನೋಡಿದ, ಬ್ರೇಕಿನ ರಬ್ಬರ್ ನೋಡಿದ, ಆಮೇಲೆ ಟೈರಿನ ಮೇಲೆ ಮೆಲ್ಲಗೆ ಬೆರಳಾಡಿಸಿದ. ಅವನ ಮುಖ ಅರಳಿತು.

“ಇಲ್ಲಿ ಬನ್ನಿ ಸರ್, ಮುಟ್ಟಿ ನೋಡಿ. ಚುಚ್ಚುತ್ತಾ?”

ಟೈರಿನ ಉದ್ದಕ್ಕೂ ಕೂದಲಿನಂಥ ಸಣ್ಣ ರಬ್ಬರಿನ ಎಳೆಗಳು ನಿಂತಿದ್ದವು.

“ಫ್ಯಾಕ್ಟರೀಲಿ ಅಚ್ಚು ತೆಗೆಯುವಾಗ ಬರೋ ಎಳೆ ಇವು. ರಸ್ತೆಗೆ ಇಳಿದ್ರೆ ನಡುವಿನದೇ ಮೊದಲು ಉದುರೋದು. ಒಂದೂ ಹೋಗಿಲ್ಲ. ಬ್ರೇಕ್ ಒಂದು ಸಲನೂ ಚಕ್ರಕ್ಕೆ ಉಜ್ಜಿಲ್ಲ. ಹೊಗೆ ಹಿಡಿದಿದೆ, ಒರೆಸಿದ್ರೆ ಹೋಗುತ್ತೆ. ನೀವು ಸುಮ್ನೆ ಹೆದರಿದ್ರಿ.”

“ಒಂದ್ ಸಲಾನೂ ಇಲ್ವಾ?”

“ಇಲ್ಲ ಸರ್.”

“ಇಲ್ಲೇ, ಊರ್ ಮುಂದ್ಲು ಅರಳೀಮರದ ಗಂಟ?”

“ಅಲ್ಲಿಗೂ ಹೋಗಿಲ್ಲ, ಗ್ಯಾರಂಟಿ. ನಿಮ್ಮ ಮಗಳದು ದೊಡ್ಡ ಗುಣ ಸರ್. ನನ್ನ ಮಗನಾಗಿದ್ರೆ ನಾನು ಆ ಕಡೆ ತಿರುಗೋದ್ರಲ್ಲಿ ಹಾರಿಸ್ಕೊಂಡು ಹೋಗಿರೋನು. ನೋಡಿ, ಕೊಟ್ಟ ಮಾತು ಉಳಿಸ್ಕೊಂಡಿದಾಳೆ.”

ಸಮಾಧಾನವಾಗಲಿ ಎಂದೇ ಅವನು ಆ ಮಾತು ಹೇಳಿದ್ದು. ಚನ್ನೇಶ್ ಕಾಯಿ ರಾಶಿಯ ಮೇಲೆ ಕುಸಿದು ಕುಳಿತ. ನಾಲ್ಕಾರು ಕಾಯಿಗಳು ಉರುಳಿ ಗುಡುಗುಡು ಎಂದವು. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಪರಸ್ಥಳದವನ ಎದುರಿದ್ದೇನೆ ಎಂಬುದನ್ನೂ ಮರೆತು, ಬಿಕ್ಕಿ ಬಿಕ್ಕಿ ಅತ್ತ. ಚೇತನ್‌ಕುಮಾರ್ ಏನು ಮಾಡುವುದೆಂದು ತೋಚದೆ ಮೊಬೈಲಿನ ಬೆಳಕು ಆರಿಸಿದ.

ಸ್ವಲ್ಪ ಹೊತ್ತಿನ ಮೇಲೆ ಅವನೇ ಮೆಲ್ಲಗೆ ಕೇಳಿದ. “ಕೊಡೋ ಮನಸ್ಸಿಲ್ಲ, ಅಲ್ವಾ ಸರ್?”

“ಇಲ್ಲ. ಸುಮ್ನೆ ನಿಮ್ಮನ್ನ ಇಲ್ಲೀಗಂಟ ಕರಸ್ದೆ. ಬೇಜಾರ್ ಮಾಡ್ಕೋಬ್ಯಾಡಿ.”

“ಪರವಾಗಿಲ್ಲ. ಇಲ್ಲೇ ಇರ್ಲಿ. ನೆಲಕ್ಕೆ ಮಾತ್ರ ತಾಗಿಸ್ಬೇಡಿ,” ಎಂದ ಚೇತನ್‌ಕುಮಾರ್, ಅಭ್ಯಾಸಬಲದಿಂದ. ಆಡಿದ ಮೇಲೆ ತನ್ನ ಮಾತು ತನಗೇ ಚುಚ್ಚಿದಂತಾಗಿ, ಕೊಟ್ಟ ಕಾಫಿಯನ್ನೂ ಕುಡಿಯದೆ ಹೋದ.

ಕಾರಿನ ಸದ್ದು ದೂರವಾದರೂ ಚನ್ನೇಶ್ ಕೆಳಗಿಳಿಯಲಿಲ್ಲ. ಹೆಂಡತಿ ಸಾವಿತ್ರಮ್ಮ ಅಡಿಗೆಮನೆಯಿಂದ ಬಂದು ಏಣಿಯ ಬುಡದಲ್ಲಿ ನಿಂತಳು. ಮೇಲಿನ ಮಾತೆಲ್ಲ ಅವಳಿಗೆ ಕೇಳಿಸಿತ್ತು.

“ಅವ್ಳು ಓಡ್ಸಿಲ್ಲ ಕಣ್ರೀ. ನನ್ನ ಕೇಳಿದ್ರೆ ನಾನೇ ಹೇಳ್ತಿದ್ದೆ.”

ಮೇಲೆ ಒಂದು ಕಾಯಿ ಉರುಳಿತು.

“ನಾನೇ ಅಂದೆ, ಹೋಗೇ, ನಿಮ್ಮಪ್ಪ ಬರೋಷ್ಟ್ರಲ್ಲಿ ಒಂದ್ ಸುತ್ತು ಹೋಗ್ಬಾ, ನಾನ್ ಹೇಳಕಿಲ್ಲ ಅಂತ. ಬ್ಯಾಡ ಕಣಮ್ಮ, ಅಪ್ಪನೇ ಇಳಿಸ್ಕೊಡ್ಲಿ ಅಂದ್ಲು. ನಿಮ್ ಕೈಯಲ್ಲೇ ಇಳಿಸ್ಕೊಂಡು ಹೋಗ್ಬೇಕು ಅಂತ ಆಸೆ ಅವ್ಳಿಗೆ.”

“ಮತ್ತೆ ಕವರ್ ಮೇಲೆ ಅವ್ಳು ಹಾಕಿರೋ ಗಂಟು?” ಎಂದ ಚನ್ನೇಶ್ ಮೇಲಿನಿಂದಲೇ.

“ನೀವು ಮಾರ್ಕೆಟ್ಟಿಗೆ ಹೋದ್ ದಿನ ಮೇಲೆ ಹತ್ತೋಳು. ಕವರ್ ಬಿಚ್ಚಿ, ಕಾಯಿ ಮೇಲೆ ಕೂತ್ಕೊಂಡು, ಪೆಡಲ್ನ ಕೈಯಲ್ಲಿ ತಿರುಗ್ಸೋಳು. ಚಕ್ರದ್ ಸದ್ದು ನಂಗೆ ಒಲೆ ಮುಂದೆ ಕೇಳ್ಸೋದು. ಎಲ್ಲೀಗಂಟ ಹೋದ್ಯೇ ಅಂತ ಇಲ್ಲಿಂದ್ಲೇ ಕೂಗ್ತಿದ್ದೆ. ಜಾವಗಲ್ ದಾಟ್ದೆ ಕಣಮ್ಮ, ಇನ್ನೇನ್ ಹಳೇಬೀಡು ಬಂತು ಅನ್ನೋಳು.”

ಇಷ್ಟು ಹೇಳಿ ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. “ಇಳೀರಿ. ಎಸರು ಕುದೀತಾ ಐತೆ,” ಎಂದು ಒಳಗೆ ಹೋದಳು. ಪಾತ್ರೆಗೆ ರಾಗಿಹಿಟ್ಟು ಬಿದ್ದು, ಕೋಲಿನಿಂದ ಮುದ್ದೆ ತಿರುವುವ ಸದ್ದು ಅಡಿಗೆಮನೆಯಿಂದ ಬರತೊಡಗಿತು.

ಚನ್ನೇಶ್ ಸೈಕಲ್ಲಿನ ಹತ್ತಿರಕ್ಕೆ ಸರಿದ. ಹೆಂಚಿನ ಸಂದಿಯಿಂದ ಬಂದ ಬಿಸಿಲು ಹಿತ್ತಾಳೆಯ ಬಿಲ್ಲೆಯ ಮೇಲೆ ಬಿದ್ದಿತ್ತು. ಪೆಡಲ್ಲಿನ ಮೇಲೆ ಕೈಯಿಟ್ಟು ಒಂದು ಸುತ್ತು ತಿರುಗಿಸಿದ. ಆಮೇಲೆ ಇನ್ನೊಂದು. ಹಿಂದಿನ ಚಕ್ರ ಗಾಳಿಯಲ್ಲಿ ಸರ್ರನೆ ತಿರುಗಿತು, ಕೈ ಬಿಟ್ಟೊಡನೆ ಟಿಕ್‌ಟಿಕ್‌ಟಿಕ್ ಎಂದು ಸದ್ದು ಮಾಡುತ್ತ ಓಡಿತು.

ಕೆಳಗೆ ಕೋಲಿನ ಸದ್ದು ನಿಂತುಹೋಯಿತು.

ಚಕ್ರ ನಿಧಾನವಾಗುತ್ತ ಬಂತು. ನಿಂತುಬಿಟ್ಟರೆ ಏನಾಗುವುದೋ ಎಂದು ಹೆದರಿದವನಂತೆ ಚನ್ನೇಶ್ ಮತ್ತೆ ಪೆಡಲ್ ಹಿಡಿದ. ಬೆವರುತ್ತ ತಿರುಗಿಸುತ್ತಲೇ ಇದ್ದ. ಅಡಿಗೆಮನೆಯಲ್ಲಿ ಮುದ್ದೆ ತಳ ಹತ್ತಿದ ವಾಸನೆ ಅಟ್ಟದವರೆಗೂ ಬಂತು. ಪಾತ್ರೆ ಇಳಿಸುವ ಸದ್ದು ಮಾತ್ರ ಕೇಳಿಸಲಿಲ್ಲ.